ಹಿತ್ತಿಲಿಗೆ ಬಂದ ಚಳಿಗಾಲದ ಹಕ್ಕಿ ಯಾವುದು?

ಮಳೆ ಹಿಂದೆ ಸರಿದು ಬಾವಿಕಟ್ಟೆಯ ಪಾಚಿ ಒಣಗುವ ಹೊತ್ತಿಗೆ ಉಡುಪಿ, ಮಂಗಳೂರಿನ ಹಿತ್ತಿಲುಗಳಿಗೆ ಉತ್ತರದಿಂದ ವಲಸೆ ಹಕ್ಕಿಗಳು ಬರತೊಡಗುತ್ತವೆ. ಇವುಗಳಲ್ಲಿ ಹೆಚ್ಚಿನವು ಹುಳುಹುಪ್ಪಟೆ ತಿನ್ನುವಂಥವು. ಅಂಗಳದಲ್ಲಿ ಅಕ್ಕಿಕಾಳು ಚೆಲ್ಲಿದರೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಮೊದಲು ದಾಸವಾಳದ ನೆರಳಿನಲ್ಲಿ, ಬೆಕ್ಕಿಗೆ ಎಟುಕದ ಎತ್ತರದಲ್ಲಿ, ಅಗಲ ಬಾಯಿಯ ಮಣ್ಣಿನ ಪಾತ್ರೆಯೊಂದರಲ್ಲಿ ಎರಡು ಬೆರಳಿನಷ್ಟು ನೀರಿಡಿ. ನೀರನ್ನು ದಿನವೂ ಬದಲಿಸಿ.

ಹಕ್ಕಿ ಕಂಡೊಡನೆ ಬಣ್ಣವನ್ನು ಹುಡುಕಬೇಡಿ. ಅದು ಎಲ್ಲಿದೆ, ಬಾಲವನ್ನು ಹೇಗೆ ಆಡಿಸುತ್ತಿದೆ ಎಂಬುದನ್ನು ಮೊದಲು ನೋಡಿ. ಬೂದು ಸಿಪಿಲೆ ತೋಡಿನ ಬದಿಯಲ್ಲಿ ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ, ಅಡಿಕೆ ತೋಟದ ತರಗೆಲೆಗಳ ಮೇಲೆ ನಡೆಯುವ ಕಾಡು ಸಿಪಿಲೆ ಅದನ್ನು ಅಡ್ಡಡ್ಡ ಆಡಿಸುತ್ತದೆ.

ಕಾಜಾಣಗಳಲ್ಲಿ ತಪ್ಪುವವರೇ ಹೆಚ್ಚು. ಗದ್ದೆ ಬೈಲಿನ ತಂತಿಯ ಮೇಲೋ ದನದ ಬೆನ್ನ ಮೇಲೋ ಕಾಣುವ ಕಪ್ಪು ಕಾಜಾಣಕ್ಕೂ, ಚಳಿಗಾಲಕ್ಕೆಂದು ಬಂದು ಮರಗಳ ತುದಿಯನ್ನು ಹಿಡಿಯುವ ಬೂದು ಕಾಜಾಣಕ್ಕೂ ಬಾಲ ಕವಲು, ಗಾತ್ರವೂ ಸುಮಾರು 28 ಸೆಂ.ಮೀ. ಬೆಳಕಿಗೆ ಎದುರಾಗಿ ನಿಂತರೆ ಎರಡೂ ಕಪ್ಪೇ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನೋಡಿ: ಬೂದು ಕಾಜಾಣದ ಹೊಟ್ಟೆ ಒರೆಸಿದ ಸ್ಲೇಟಿನಂತೆ ಮಂಕು, ಕಣ್ಣು ಕುಂಕುಮದಂತೆ ಕೆಂಪು, ಕಪ್ಪು ಕಾಜಾಣದ ಮೈ ಎಣ್ಣೆ ಸವರಿದ ಕಾವಲಿಯಂತೆ ಮಿರುಗುತ್ತದೆ, ಕೊಕ್ಕಿನ ಬುಡದಲ್ಲಿ ಹೆಚ್ಚಾಗಿ ಸಣ್ಣದೊಂದು ಬಿಳಿ ಚುಕ್ಕೆ ಇರುತ್ತದೆ.

ಎಲೆಗಳ ನಡುವೆ ಕ್ಷಣವೂ ನಿಲ್ಲದ ಪುಟ್ಟ ಉಲಿಯಕ್ಕಿಗಳನ್ನು ಗುರುತಿಸಲು ಕಣ್ಣಿಗಿಂತ ಕಿವಿಯೇ ಮೇಲು ಎಂಬುದು ನನ್ನ ಅನುಭವ. ಮಾವಿನ ಮರದ ಮೇಲುಭಾಗದಿಂದ ‘ಚಿಸ್ವೀ’ ಎಂಬ ಎರಡೆಳೆಯ ಕೂಗು ಬಂದರೆ ಅದು ಸುಮಾರು 10 ಸೆಂ.ಮೀ. ಉದ್ದದ ಹಸಿರು ಎಲೆ ಉಲಿಯಕ್ಕಿ. ಅದರ ರೆಕ್ಕೆಯ ಮೇಲೆ ತೆಳುವಾದೊಂದು ಬಿಳಿಗೆರೆ ಉಂಟು. ಆದರೆ ಗರಿ ಸವೆದಂತೆ ಆ ಗೆರೆ ಮಾಸಿಹೋಗುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಬೇಲಿಯ ಪೊದೆಯೊಳಗಿಂದ ನಾಲಗೆ ಲೊಟಗುಟ್ಟಿದಂತೆ ‘ಚಕ್, ಚಕ್’ ಎಂದು ಕೇಳಿಸಿದರೆ ಅದು ಬ್ಲಿತ್ಸ್ ಜೊಂಡು ಉಲಿಯಕ್ಕಿ: ಮೈಯೆಲ್ಲ ಮಾಸಲು ಕಂದು, ರೆಕ್ಕೆಯಲ್ಲಿ ಗೆರೆಯಿಲ್ಲ, ಕೊಕ್ಕು ತುಸು ಉದ್ದ.

ಸಂದೇಹ ಉಳಿದರೆ ಕೂಗನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡು ಆಮೇಲೆ ಹೋಲಿಸಿ ನೋಡಬಹುದು. ಹಕ್ಕಿಯನ್ನು ಹೊರಗೆ ಬರಿಸಲು ಅದೇ ಕೂಗನ್ನು ಪೊದೆಯ ಬಳಿ ಮತ್ತೆ ಮತ್ತೆ ಕೇಳಿಸಬೇಡಿ. ಎದುರಾಳಿ ಬಂದನೆಂದು ಅದು ಮೇವು ಬಿಟ್ಟು ಕಂಗಾಲಾಗುತ್ತದೆ.