ಕಾಂಪೌಂಡರ್ ಹೇಳಿದ ಅಗಾಥಾ ಕ್ರಿಸ್ಟಿ

ನಮ್ಮೂರಿನ ಓದುಗರ ಬಳಗ ತಿಂಗಳ ಎರಡನೇ ಭಾನುವಾರ ಲೈಬ್ರರಿಯ ಹಿಂಬದಿಯ ಕೋಣೆಯಲ್ಲಿ ಸೇರುತ್ತದೆ. ಯಾರಾದರೊಬ್ಬರು ಒಬ್ಬ ಸಾಹಿತಿಯ ಬದುಕನ್ನು ಒಂದು ಗಂಟೆ ಹೇಳಬೇಕು, ಆಮೇಲೆ ಮಂಡಕ್ಕಿ, ಚಹಾ. ನನ್ನ ಸರದಿ ಬಂದಾಗ ಅಗಾಥಾ ಕ್ರಿಸ್ಟಿ ಅಂದೆ. ಬಳಗ ನಡೆಸುವ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಅಲ್ಲ ಮಾರಾಯ್ರೇ, ಪತ್ತೇದಾರಿ ಬರೆದವಳ ಬಗ್ಗೆ ಒಂದು ಗಂಟೆ ಹೇಳೋದು ಏನಿರ್ತದೆ?" ಅಂದರು. ಆ ಮಾತಿಗೇ ಹಟ ಬಂತು.

ಮೊದಲ ಕರಡು ನಲವತ್ತು ಪುಟ ಆಯಿತು. 1890ರ ಸೆಪ್ಟೆಂಬರ್ 15ರಂದು ಇಂಗ್ಲೆಂಡಿನ ಡೆವನ್ ಸೀಮೆಯ ಟಾರ್ಕಿ ಊರಲ್ಲಿ ಹುಟ್ಟಿದ್ದು, ಹನ್ನೊಂದರ ವಯಸ್ಸಿಗೆ ತಂದೆ ಹೋದದ್ದು, 1914ರ ಕ್ರಿಸ್‌ಮಸ್ ಹಿಂದಿನ ದಿನ ಆರ್ಚಿಬಾಲ್ಡ್ ಕ್ರಿಸ್ಟಿಯ ಜೊತೆ ಮದುವೆ, 1919ರಲ್ಲಿ ಮಗಳು, 1928ರಲ್ಲಿ ವಿಚ್ಛೇದನ, 1930ರಲ್ಲಿ ಎರಡನೇ ಮದುವೆ, 66 ಪತ್ತೇದಾರಿ ಕಾದಂಬರಿಗಳು, 1971ರಲ್ಲಿ ಡೇಮ್ ಪದವಿ, 1976ರ ಜನವರಿ 12ಕ್ಕೆ ಸಾವು. ಎಲ್ಲ ಸರಿಯಾಗಿಯೇ ಇತ್ತು. ಹೆಂಡತಿ ಬೀನ್ಸ್ ಸೋಸುತ್ತಾ ಕೇಳುತ್ತಿದ್ದಳು. ನಾನು ಹದಿನೈದನೇ ಪುಟಕ್ಕೆ ಬರುವಷ್ಟರಲ್ಲಿ ಬೀನ್ಸ್ ಮುಗಿದಿತ್ತು, ಅವಳ ಸಹನೆಯೂ.

"ಇದು ಸರ್ವಿಸ್ ರಿಜಿಸ್ಟರ್ ಓದ್ದ ಹಾಗಿದೆ. ಆಯಮ್ಮನೂ ನಿಮ್ಮ ಹಾಗೆ ಔಷಧಿ ಕೊಡ್ತಿದ್ಲು ಅಂದ್ರಲ್ಲ, ಅದನ್ನ ಎಲ್ಲಿ ಬಿಟ್ರಿ?"

ಹುಡುಕಿದೆ. ಒಂಬತ್ತನೇ ಪುಟದಲ್ಲಿತ್ತು, ಒಂದೇ ಸಾಲು: 'ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದರು.' ಮೂವತ್ತಮೂರು ವರ್ಷ ಸರ್ಕಾರಿ ಆಸ್ಪತ್ರೆಗಳ ಔಷಧಿ ಕಿಟಕಿಯ ಹಿಂದೆ ನಿಂತವನು ನಾನು. ನಾನೇ ಹಾಗೆ ಬರೆದಿದ್ದೆ! ಕರಡನ್ನು ಅಟ್ಟಕ್ಕೆ ಹಾಕಿ, ಅವರ ಆತ್ಮಕಥೆಯಲ್ಲಿ ಔಷಧಾಲಯ ಬರುವ ಪುಟಗಳನ್ನು ಮತ್ತೆ ಓದಲು ಕೂತೆ. ಈ ಸಲ ಪೆನ್ಸಿಲ್ ಹಿಡಿದು, ಅವರು ಹೇಳುವ ಒಂದೊಂದು ಕೆಲಸವನ್ನೂ ನನ್ನ ಕೈ ಮಾಡಿದ್ದರ ಜೊತೆ ಇಟ್ಟು ನೋಡುತ್ತಾ.

ನಾನು 1982ರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಯ ಹೆಸರು ಫಾರ್ಮಸಿಸ್ಟ್. ಊರಿನವರ ಬಾಯಲ್ಲಿ ಕಾಂಪೌಂಡ್ರು. ಕೆಮ್ಮಿಗೆ ಒಂದು, ಹೊಟ್ಟೆಯುಬ್ಬರಕ್ಕೆ ಒಂದು ಮಿಕ್ಸ್ಚರನ್ನು ದೊಡ್ಡ ಜಾಡಿಯಲ್ಲಿ ನಾವೇ ಕಲಸುತ್ತಿದ್ದ ಕಾಲ. ರೋಗಿಗಳು ಸೀಸೆ ಮನೆಯಿಂದಲೇ ತರುತ್ತಿದ್ದರು, ಅರ್ಧಕ್ಕರ್ಧ ಬ್ರಾಂದಿ ಕ್ವಾರ್ಟರ್‌ನವು. ಸೀಸೆಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸಿ, ಅದರ ಅಂಚಲ್ಲಿ ಕತ್ತರಿಯಿಂದ ಕಚ್ಚು ಮಾಡಿ, ಒಂದು ಕಚ್ಚಿಗೆ ಒಂದು ಡೋಸು ಅಂತ ತೋರಿಸಿ ಕಿಟಕಿಯಿಂದ ಆಚೆ ಕೊಡುವುದು. ಜೊತೆಗೊಂದು ಮಾತು: "ಅಲ್ಲಾಡ್ಸಿ ಕುಡೀರಿ." ದಿನಕ್ಕೆ ನೂರು ಸಲ ಹೇಳಿದ್ದೇನೆ. ಯಾಕೆ ಹೇಳುತ್ತಿದ್ದೇನೆ ಅಂತ ಯೋಚಿಸಿದ್ದು ಕಡಿಮೆ.

ಅಗಾಥಾ ಮೊದಲು ಟಾರ್ಕಿಯ ಯುದ್ಧಕಾಲದ ಆಸ್ಪತ್ರೆಯಲ್ಲಿ ಸ್ವಯಂಸೇವಕ ನರ್ಸು. ಆಮೇಲೆ ಅಲ್ಲಿಯದೇ ಔಷಧಾಲಯ. 1917ರಲ್ಲಿ ಪರೀಕ್ಷೆ ಪಾಸು ಮಾಡಿ ಔಷಧಿ ಕಲಸಿ ಕೊಡುವ ಅರ್ಹತೆ ಪಡೆದರು. ಇದಕ್ಕೆ ಕನ್ನಡದಲ್ಲಿ ಏನನ್ನುವುದು? ಔಷಧ ವಿತರಕಿ ಅಂತ ಬರೆದು ನೋಡಿದೆ, ರೇಷನ್ ಅಂಗಡಿ ನೆನಪಾಯಿತು. ಕೊನೆಗೆ ಕಾಂಪೌಂಡರ್ ಅಂತಲೇ ಇಟ್ಟೆ. ಆ ಒಂದು ಪದ ಇಟ್ಟ ಮೇಲೆ ಬರವಣಿಗೆ ತಾನಾಗಿ ನಡೆಯಿತು.

ಪರೀಕ್ಷೆಗೆ ತಯಾರಿ ಮಾಡಲು ಊರಿನ ಔಷಧಿ ಅಂಗಡಿಯವರೊಬ್ಬರ ಹತ್ತಿರ ಹೋಗುತ್ತಿದ್ದರು. ಆತ್ಮಕಥೆಯಲ್ಲಿ ಆತನ ಹೆಸರು ಬರೀ ಮಿಸ್ಟರ್ ಪಿ. ಹೆಗಲು ತಟ್ಟಿ 'ಪುಟ್ಟ ಹುಡುಗಿ' ಅನ್ನುವ, ತನ್ನಿಂದ ತಪ್ಪೇ ಆಗದು ಎಂದು ನಂಬಿದ ಮನುಷ್ಯ. ಒಂದು ದಿನ ಸಪೋಸಿಟರಿ, ಅಂದರೆ ಗುದದ್ವಾರದಲ್ಲಿ ಇಡುವ ಔಷಧಿ ಗುಳಿಗೆ, ಮಾಡಿ ತೋರಿಸಿದ. ಲೆಕ್ಕ ನೋಡುತ್ತಿದ್ದ ಅಗಾಥಾಗೆ ದಶಾಂಶದ ಚುಕ್ಕೆ ತಪ್ಪಾದ ಕಡೆ ಬಿದ್ದದ್ದು ಕಂಡಿತು. ಔಷಧಿ ಹತ್ತು ಪಟ್ಟು. ಹೇಳಿದರೆ ಆತ ಒಪ್ಪುವವನಲ್ಲ. ಹೇಳದಿದ್ದರೆ ಅದು ಯಾರದೋ ಮೈಗೆ ಹೋಗುತ್ತದೆ. ಹುಡುಗಿ ಎಡವಿದಂತೆ ಮಾಡಿ, ಅವು ಆರುತ್ತಿದ್ದ ಹಲಗೆಯನ್ನು ಕೆಡವಿ, ಮೇಲೆ ಗಟ್ಟಿಯಾಗಿ ಕಾಲಿಟ್ಟುಬಿಟ್ಟಳು. ಆಮೇಲೆ ಕ್ಷಮೆ ಕೇಳಿದಳು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಒಂದು ಆಸ್ಪತ್ರೆಯಲ್ಲಿ, ನಾನಿನ್ನೂ ಹೊಸಬ, ಹೃದಯದ ಕಾಯಿಲೆಯ ಮುದುಕರೊಬ್ಬರು ಚೀಟಿ ತಂದರು. ಡಿಗಾಕ್ಸಿನ್, ದಿನಕ್ಕೊಂದು ಸಲ, 2.5. ಮಾತ್ರೆ ಬರುವುದು 0.25 ಮಿಲಿಗ್ರಾಂನದು. ಇಲ್ಲೂ ಹತ್ತು ಪಟ್ಟು. ಬರೆದವರು ದೊಡ್ಡ ಡಾಕ್ಟರು, ಮುಂಗೋಪಿ, ಸುತ್ತ ಇಪ್ಪತ್ತು ಜನ ರೋಗಿಗಳು. ಚೀಟಿ ಹಿಡಿದು ಒಳಗೆ ಹೋದೆ. ತೊಡೆ ನಡುಗುತ್ತಿತ್ತು. "ಸಾರ್, ಈ ಸ್ಟ್ರೆಂತ್ ನಮಗೆ ಸಪ್ಲೈ ಆಗಿಲ್ಲ. 0.25 ಒಂದೇ ಇರೋದು. ಅದನ್ನೇ ಕೊಡ್ಲಾ?" ಅಂದೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು, ಗೀಚಿ ತಿದ್ದಿದರು. ಇಬ್ಬರಿಗೂ ಗೊತ್ತಾಯಿತು, ಇಬ್ಬರೂ ಮಾತಾಡಲಿಲ್ಲ. ಧೈರ್ಯ ಅಂತ ಇದನ್ನು ಕರೆಯಲಾರೆ, ಹೇಡಿತನ ಅಂತಲೂ ಅಲ್ಲ. ಅಗಾಥಾ ಹಲಗೆ ಕೆಡವಿದ್ದೂ ಇಂಥದ್ದೇ ಕೆಲಸ. ತಪ್ಪನ್ನು ತೋರಿಸದೆಯೇ ತಪ್ಪನ್ನು ತಡೆಯುವ ದಾರಿ ಹುಡುಕಿ, ಎಲ್ಲರ ಮುಂದೆ ಏನೂ ಆಗಿಲ್ಲವೆನ್ನುವಂತೆ ನಿಲ್ಲುವುದು. ಅವರ ಕಾದಂಬರಿಗಳಲ್ಲಿ ಸುಳಿವುಗಳು ಕೂತಿರುವುದೂ ಹಾಗೆಯೇ ಅಂತ ನನ್ನ ಎಣಿಕೆ. ಎಡವಿದಂತೆ, ಆಕಸ್ಮಿಕದಂತೆ.

ಇನ್ನೊಂದು ತಲೆನೋವು ಇಲ್ಲೇ ಬಗೆಹರಿಯಿತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಒಂದೇ ಸರ್ವನಾಮ, ಹುಟ್ಟಿನಿಂದ ಸಾಯುವವರೆಗೆ ನಡೆಯುತ್ತದೆ. ನಾವು ಅವಳು ಅನ್ನಬೇಕೋ, ಆಕೆಯೋ, ಅವರೋ? ತೊಟ್ಟಿಲ ಮಗುವಿಗೆ 'ಅವರು' ಅಂದರೆ ನಗು ಬರುತ್ತದೆ, ಎಂಬತ್ತೈದರ ಮುದುಕಿಗೆ 'ಅವಳು' ಅಂದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ಮೊದಲ ಕರಡಿನಲ್ಲಿ ಮದುವೆಯಾದ ಕೂಡಲೇ 'ಅವರು' ಮಾಡಿದ್ದೆ, ಅದು ಗಂಡನಿಂದ ಬಂದ ಮರ್ಯಾದೆಯ ಹಾಗೆ ಕಾಣುತ್ತಿತ್ತು. ಹೊಸದರಲ್ಲಿ ಹಲಗೆ ಬೀಳುವವರೆಗೂ 'ಅವಳು'. ಬಿದ್ದ ಮೇಲೆ 'ಅವರು'.

ಮಿಸ್ಟರ್ ಪಿ ಕಿಸೆಯಲ್ಲಿ ಕ್ಯುರಾರೆ ಎಂಬ ವಿಷದ ಗಟ್ಟಿ ಇಟ್ಟುಕೊಂಡು ತಿರುಗುತ್ತಿದ್ದನಂತೆ. ಅದು ಜೊತೆಗಿದ್ದರೆ ತನ್ನಲ್ಲಿ ಶಕ್ತಿಯಿದೆ ಅನಿಸುತ್ತದೆ ಎಂದು ಅಗಾಥಾಗೇ ಹೇಳಿದ್ದ. ಆತ ಅವರ ತಲೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತಿದ್ದು, 1961ರ 'ದಿ ಪೇಲ್ ಹಾರ್ಸ್' ಕಾದಂಬರಿಯಲ್ಲಿ ಹೊರಬಂದ. ಅದರಲ್ಲಿನ ವಿಷ ಥ್ಯಾಲಿಯಂ. ಕೂದಲು ಉದುರುವುದು ಮೊದಲಾದ ಲಕ್ಷಣಗಳನ್ನು ಎಷ್ಟು ಸರಿಯಾಗಿ ಬರೆದಿದ್ದರೆಂದರೆ, 1977ರಲ್ಲಿ, ಅಂದರೆ ಅವರು ಹೋದ ಮರುವರ್ಷ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕತಾರ್‌ನಿಂದ ಬಂದ ಮಗುವಿನ ಕಾಯಿಲೆ ಡಾಕ್ಟರರಿಗೆ ಹೊಳೆಯದಿದ್ದಾಗ, ಅದೇ ಪುಸ್ತಕ ಓದುತ್ತಿದ್ದ ನರ್ಸು ಇದು ಥ್ಯಾಲಿಯಂ ಇರಬಹುದು ಅಂದರು. ಪರೀಕ್ಷೆ ಮಾಡಿದರು, ಹೌದಾಗಿತ್ತು. ಮಗು ಉಳಿಯಿತು.

ಮೊದಲ ಕಾದಂಬರಿ ಹುಟ್ಟಿದ್ದು ಔಷಧಾಲಯದಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ. ಸುತ್ತ ಕಪಾಟಿನ ತುಂಬ ವಿಷದ ಸೀಸೆಗಳು, ಅಂದಮೇಲೆ ಕೊಲೆ ವಿಷದಿಂದಲೇ ಆಗಲಿ ಅಂದುಕೊಂಡರು. ನಿನ್ನಿಂದಾಗದು ಎಂದು ಅಕ್ಕ ಕೆಣಕಿದ್ದೂ ಇತ್ತು. ಟಾರ್ಕಿಗೆ ಬಂದಿದ್ದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಪತ್ತೇದಾರನನ್ನು ಬೆಲ್ಜಿಯಂನವನನ್ನಾಗಿ ಮಾಡಿದರು, ಅವನೇ ಪ್ವಾರೋ. ಅರ್ಧಕ್ಕೆ ನಿಂತಾಗ ಅಮ್ಮನ ಮಾತಿನಂತೆ ಡಾರ್ಟ್‌ಮೂರ್ ಬಯಲಿನ ಹೋಟೆಲಿಗೆ ಹೋಗಿ, ಬೆಳಿಗ್ಗೆ ಬರೆದು, ಮಧ್ಯಾಹ್ನ ಒಬ್ಬರೇ ನಡೆಯುತ್ತಾ ಪಾತ್ರಗಳ ಮಾತನ್ನು ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದರು. ಹಲವು ಪ್ರಕಾಶಕರು ವಾಪಸು ಕಳಿಸಿದರು. ಕೊನೆಗೆ 1920ರಲ್ಲಿ ಅಮೆರಿಕದಲ್ಲಿ, ಮರು ಜನವರಿಯಲ್ಲಿ ಇಂಗ್ಲೆಂಡಿನಲ್ಲಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಬಂತು. ಕೈಗೆ ಬಂದದ್ದು 25 ಪೌಂಡು. ಔಷಧಿ ಕಸುಬಿನವರ ಪತ್ರಿಕೆಯೊಂದು, ಇದರಲ್ಲಿ ವಿಷದ ವಿಷಯ ಸರಿಯಾಗಿದೆ ಎಂದು ಮೆಚ್ಚಿತು. ನಮ್ಮವರ ಪತ್ರಿಕೆ!

ವಿಷ ಸ್ಟ್ರಿಕ್ನಿನ್. ಇಂಗ್ಲೆಂಡಿನಲ್ಲಿ ಈ ವಿಷದ ಗಿಡ ಬೆಳೆಯುವುದಿಲ್ಲ. ಅದು ಬರುವುದು ನಮ್ಮ ಕಾಡಂಚಿನ ಕಾಸರಕನ ಬೀಜದಿಂದ, ಕಿತ್ತಳೆ ಬಣ್ಣದ ಹಣ್ಣಿನೊಳಗಿನ ಬೂದು ಗುಂಡಿಯಂಥ ಬೀಜ. ಆ ಕಾಲಕ್ಕೆ ಬಲಕ್ಕೆಂದು ಅದನ್ನು ಚೂರೇ ಚೂರು ಟಾನಿಕ್ಕಿನಲ್ಲಿ ಹಾಕುತ್ತಿದ್ದರು. ಅದೇ ಸೀಸೆಗೆ ನಿದ್ದೆಗೆ ಕೊಡುವ ಬ್ರೋಮೈಡ್ ಬಿದ್ದರೆ ಸ್ಟ್ರಿಕ್ನಿನ್ ಕರಗಿ ಉಳಿಯುವುದಿಲ್ಲ, ಹರಳಾಗಿ ತಳ ಸೇರುತ್ತದೆ. ದಿನಾ ಒಂದೊಂದು ಡೋಸು ಕುಡಿದವರಿಗೆ ಏನೂ ಆಗುವುದಿಲ್ಲ, ಕೊನೆಯ ಡೋಸಿನಲ್ಲಿ ಎಲ್ಲ ವಿಷವೂ ಒಟ್ಟಿಗೆ.

ಇದನ್ನು ಹೇಳಿದರೆ ಕಾದಂಬರಿಯ ಗುಟ್ಟು ಬಿಟ್ಟುಕೊಟ್ಟಂತೆ. ಎರಡು ದಿನ ಒದ್ದಾಡಿದೆ. ಹೇಳದಿದ್ದರೆ ಈ ಬದುಕನ್ನು ನಾನು ಹೇಳುವುದಕ್ಕೆ ಕಾರಣವೇ ಇಲ್ಲ. ಹೇಗೆ ಅನ್ನುವುದನ್ನು ಹೇಳಿ, ಯಾರು ಅನ್ನುವುದನ್ನು ಬಿಡುವುದು ಅಂತ ತೀರ್ಮಾನಿಸಿದೆ. ಬರೀ ಬಾಯಲ್ಲಿ ಹೇಳಿದರೆ ಸಾಲದು, ಕಣ್ಣಿಗೆ ಕಾಣಬೇಕು. ಎಲೆಯಡಿಕೆ ಸುಣ್ಣವನ್ನು ನೀರಿಗೆ ಕಲಸಿ, ಅದಕ್ಕೆ ಅಡುಗೆ ಸೋಡಾ ಹಾಕಿದೆ. ಸುಣ್ಣದ ಗಸಿಯೇ ದಪ್ಪಗೆ ಕೂತು, ಏನು ಹೊಸದಾಗಿ ಆಯಿತು ಅಂತ ಯಾರಿಗೂ ತಿಳಿಯದ ಹಾಗಾಯಿತು. ಮರುದಿನ ಸುಣ್ಣದ ನೀರನ್ನು ರಾತ್ರಿಯಿಡೀ ತಿಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದುಕೊಂಡೆ. ಸೋಡಾ ನೀರೂ ತಿಳಿ, ಸುಣ್ಣದ ನೀರೂ ತಿಳಿ. ಕೂಡಿದ ಕ್ಷಣ ಹಾಲಾಯಿತು. ಹಾಗೇ ಬಿಟ್ಟರೆ ಮೇಲೆ ಮತ್ತೆ ನೀರು, ತಳದಲ್ಲಿ ಬಿಳಿ ಪದರ. ಹಳೆಯ ಮಿಕ್ಸ್ಚರ್ ಸೀಸೆಯೊಂದು ಅಟ್ಟದಲ್ಲಿತ್ತು. ಪಟ್ಟಿ ಅಂಟಿಸಿ ಎಂಟು ಕಚ್ಚು ಮಾಡಿದೆ. ಎಷ್ಟೋ ವರ್ಷದ ಮೇಲೂ ಕತ್ತರಿ ಅಳತೆ ತಪ್ಪಲಿಲ್ಲ.

ಹನ್ನೊಂದು ದಿನದ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. 1926ರ ಡಿಸೆಂಬರ್ 3ರ ರಾತ್ರಿ ಮನೆಯಿಂದ ಕಾರಿನಲ್ಲಿ ಹೊರಟರು. ಕಾರು ಸರ್ರಿಯ ನ್ಯೂಲ್ಯಾಂಡ್ಸ್ ಕಾರ್ನರ್ ಹತ್ತಿರ ಸಿಕ್ಕಿತು, ಅವರು ಇರಲಿಲ್ಲ. ದೇಶವೆಲ್ಲ ಹುಡುಕಿತು. 14ರಂದು ಯಾರ್ಕ್‌ಶೈರಿನ ಹ್ಯಾರೋಗೇಟ್‌ನ ಹೋಟೆಲಿನಲ್ಲಿ ಸಿಕ್ಕರು, ಬೇರೆ ಹೆಸರಲ್ಲಿ. ಆ ಹೆಸರಿನ ಕೊನೆಯ ಭಾಗ ಗಂಡ ಮೆಚ್ಚಿದ್ದ ಹೆಂಗಸಿನ ಮನೆತನದ್ದು. ಆತ್ಮಕಥೆಯಲ್ಲಿ ಇದರ ಸುದ್ದಿಯೇ ಇಲ್ಲ. ಮೊದಲ ಕರಡಿನಲ್ಲಿ ಹನ್ನೆರಡು ಪುಟ ಊಹೆ ಹರಿಸಿದ್ದೆ. ಹೊಸದರಲ್ಲಿ ಅರ್ಧ ಪುಟ. ಅದೇ ವರ್ಷದ ಏಪ್ರಿಲಿನಲ್ಲಿ ಅಮ್ಮ ಸತ್ತಿದ್ದರು, ಕೆಲವು ತಿಂಗಳಲ್ಲಿ ಗಂಡ ಬಿಡುಗಡೆ ಕೇಳಿದ. ಇಷ್ಟನ್ನು ಪಕ್ಕಪಕ್ಕದಲ್ಲಿಟ್ಟು ಸುಮ್ಮನಾದೆ. ಆಕೆ ಹೇಳದೆ ಬಿಟ್ಟದ್ದನ್ನು ನಾನು ಕೆದಕಿ ತೆಗೆಯುವುದೇಕೆ?

ಇರಾಕನ್ನು ಬೇಗ ಮುಗಿಸಿದೆ, ಒಂದು ಚಿತ್ರ ಬಿಟ್ಟು. ಎರಡನೇ ಗಂಡ ಮ್ಯಾಕ್ಸ್ ಮ್ಯಾಲೋವನ್ ಪುರಾತತ್ವದವರು, ಅಲ್ಲಿ ಉತ್ಖನನ ಮಾಡಿಸುತ್ತಿದ್ದರು. ನಿಮ್ರುದ್‌ನಲ್ಲಿ ಸಿಕ್ಕ ಅಸ್ಸೀರಿಯನ್ ಕಾಲದ ದಂತದ ಕೆತ್ತನೆಗಳನ್ನು ಅರವತ್ತು ದಾಟಿದ ಅಗಾಥಾ ಸಣ್ಣ ಕಡ್ಡಿ, ಹೆಣಿಗೆ ಸೂಜಿ, ತಮ್ಮ ಮುಖಕ್ಕೆ ಹಚ್ಚುವ ಕ್ರೀಮು ಇಟ್ಟುಕೊಂಡು ಉಜ್ಜುತ್ತಾ ಕೂರುತ್ತಿದ್ದರು. ಕ್ರೀಮೆಲ್ಲ ದಂತಕ್ಕೇ ಮುಗಿದು ಮುಖಕ್ಕೆ ಉಳಿಯುತ್ತಿರಲಿಲ್ಲ ಎಂದು ಅವರೇ ನಕ್ಕಿದ್ದಾರೆ. ಅದು ಕಾಂಪೌಂಡರ್ ಕೈ.

ಭಾನುವಾರ ಬೆಳಿಗ್ಗೆ ಸೀಸೆಯಲ್ಲಿ ಎರಡೂ ನೀರು ಕೂಡಿಸಿಟ್ಟು, ಕಾಸರಕನ ಬೀಜವೊಂದನ್ನು ತೋರಿಸಲೆಂದು ಅಂಗಿ ಕಿಸೆಗೆ ಹಾಕಿಕೊಂಡೆ. ಮೆಟ್ಟಿಲಿಳಿಯುವಾಗ ಮಿಸ್ಟರ್ ಪಿ ನೆನಪಾಗಿ, ವಾಪಸು ಹೋಗಿ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಸ್ಕೂಟರಿನಲ್ಲಿ ಹೋದರೆ ಸೀಸೆ ಕದಡುತ್ತದೆ ಅಂತ ನಡೆದೇ ಹೋದೆ, ಕೈಯಲ್ಲಿ ದೀಪ ಹಿಡಿದವರ ಹಾಗೆ.

ಒಂದು ಗಂಟೆ ಹತ್ತು ನಿಮಿಷ ಆಯಿತು. ಏಳು ಡೋಸು ಮೇಲಿನ ತಿಳಿನೀರನ್ನು ಒಂದೊಂದೇ ಲೋಟಕ್ಕೆ ಬಗ್ಗಿಸಿ ಸಾಲಾಗಿ ಇಟ್ಟೆ. ಸೀಸೆಯಲ್ಲಿ ಉಳಿದ ಎಂಟನೆಯದನ್ನು ಎಲ್ಲರಿಗೂ ತೋರಿಸಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಹನ್ನೊಂದು ದಿನದ ಬಗ್ಗೆ ಇಬ್ಬರು ಕೇಳಿದರು, ಒಬ್ಬರು ಬೇಜಾರು ಮಾಡಿಕೊಂಡರು.

ಚಹಾ ಹೊತ್ತಿಗೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಮೇಜಿನ ಹತ್ತಿರ ಬಂದರು. ನನ್ನ ಕಿಟಕಿಯಲ್ಲಿ ವರ್ಷಗಟ್ಟಲೆ ಕೆಮ್ಮಿನ ಔಷಧಿ ತೆಗೆದುಕೊಂಡವರು.

"ಕಾಂಪೌಂಡ್ರೇ, ನಮ್ಗೆಲ್ಲ ಅಲ್ಲಾಡ್ಸಿ ಕುಡೀರಿ ಅಂತ ಹೇಳಿ ಹೇಳಿ ಕಳಿಸ್ತಿದ್ರಲ್ಲ. ಕಥೇಲಿ ಸತ್ತ ಆ ಅಮ್ಮಂಗೆ ಯಾರೂ ಹೇಳ್ಲಿಲ್ವಾ?"

"ಹೇಳಿದ್ರೆ ಕಥೆ ಎಲ್ಲಿರ್ತಿತ್ತು ಅಜ್ಜಿ?" ಅಂದೆ.

ಅವರು ಸೀಸೆ ಎತ್ತಿಕೊಂಡು, ಬಾಯಿಗೆ ಹೆಬ್ಬೆರಳು ಒತ್ತಿ, ನಾಲ್ಕು ಸಲ ಜೋರಾಗಿ ಅಲ್ಲಾಡಿಸಿ, ಮಜ್ಜಿಗೆಯಾದದ್ದನ್ನು ಮೇಜಿನ ಮೇಲಿಟ್ಟು ಮಂಡಕ್ಕಿ ಕಡೆ ಹೋದರು.