ಬಣ್ಣಕ್ಕಿಂತ ಮೊದಲು ಒತ್ತಕ್ಷರ: ನಾಲ್ಕು ವೆಬ್ ಆ್ಯಪ್‌ಗಳಿಗೆ ಒಂದೇ ಮುಖ ಕೊಟ್ಟ ಬಗೆ

ಶಿವಮೊಗ್ಗದಿಂದ ನಾವು ಕೆಲವರು ಸೇರಿ ನಡೆಸುವ ಓಪನ್ ಸೋರ್ಸ್ ಯೋಜನೆಯಲ್ಲಿ ನಾಲ್ಕು ವೆಬ್ ಆ್ಯಪ್‌ಗಳಿವೆ. ಒಂದು ಅಡಿಕೆ ಧಾರಣೆ ತೋರಿಸುತ್ತದೆ. ಇನ್ನೊಂದರಲ್ಲಿ ತೋಟದವರು ದಿನದ ಮಳೆ ಬರೆದಿಡುತ್ತಾರೆ. ಮೂರನೆಯದು ಮಾಹಿತಿ ತಿದ್ದುವ ಸ್ವಯಂಸೇವಕರಿಗೆ, ನಾಲ್ಕನೆಯದು ಬಳಕೆಯ ಕೈಪಿಡಿ. ಧಾರಣೆ ಪುಟ ರಿಯಾಕ್ಟ್‌ನಲ್ಲಿದೆ, ಮಳೆ ಲೆಕ್ಕ ಮತ್ತು ತಿದ್ದುಪಡಿ ಜ್ಯಾಂಗೋದಲ್ಲಿವೆ, ಕೈಪಿಡಿ ಹ್ಯೂಗೋದಲ್ಲಿದೆ; ಮೂರೂ ವೆಬ್ ಪುಟ ಕಟ್ಟುವ ಬೇರೆ ಬೇರೆ ಸಾಧನಗಳು. ಬರೆದ ಕೈಗಳು ಬೇರೆ, ಕಾಲವೂ ಬೇರೆ. ಹಾಗಾಗಿ ತೀರ್ಥಹಳ್ಳಿಯ ಬೆಳೆಗಾರರೊಬ್ಬರು ಧಾರಣೆ ನೋಡಿ ಅಲ್ಲಿಂದಲೇ ಮಳೆ ಬರೆಯಲು ಹೋದರೆ ಬೇರೆ ಯಾರದೋ ಸೈಟಿಗೆ ಬಂದಂತೆ ಕಾಣುತ್ತಿತ್ತು. ಮೊಬೈಲ್ ನಂಬರ್ ಕೇಳುವ ಪುಟ ಅಪರಿಚಿತವಾಗಿ ಕಂಡರೆ ಯಾರೂ ನಂಬರ್ ಕೊಡುವುದಿಲ್ಲ, ಕೊಡಲೂ ಬಾರದು. ನಾಲ್ಕಕ್ಕೂ ಒಂದೇ ಮುಖ ಬೇಕು ಎನ್ನುವುದಕ್ಕೆ ನಮಗಿದ್ದ ಕಾರಣ ಇದು.

ಮೊದಲ ಕೆಲಸ ಎಣಿಕೆ. ಪ್ರತಿ ಆ್ಯಪ್‌ನ ಮುಖ್ಯ ಪುಟಗಳನ್ನು 360 ಪಿಕ್ಸೆಲ್ ಅಗಲದಲ್ಲಿ ಚಿತ್ರ ತೆಗೆದು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಅಂಟಿಸಿ. ಆಮೇಲೆ ಪುಟದ ರೂಪ ಹೇಳುವ ಸಿಎಸ್‌ಎಸ್ ಕಡತಗಳಲ್ಲಿ ಬಣ್ಣದ ಬೆಲೆಗಳು (ಬಣ್ಣವನ್ನು ಸೂಚಿಸುವ ಸಂಖ್ಯೆಗಳು), ಅಕ್ಷರದ ಅಳತೆಗಳು, ಮೂಲೆಯ ದುಂಡು ಇವನ್ನೆಲ್ಲ ಗ್ರೆಪ್ ಎಂಬ ಹುಡುಕುವ ಆಜ್ಞೆಯಿಂದ ಹೆಕ್ಕಿ ಎಣಿಸಿ. ಒಂದೇ ಕೆಲಸಕ್ಕೆ ಎಷ್ಟು ಬಗೆಯ ಕಿತ್ತಳೆ, ಎಷ್ಟು ಬಗೆಯ ಬೂದು ಇವೆ ಎಂದು ಕಣ್ಣಿಗೆ ಬಿದ್ದ ಮೇಲೆ ಚರ್ಚೆ ಬೇಗ ಮುಗಿಯುತ್ತದೆ.

ಹೆಚ್ಚಿನವರು ಲೋಗೊ ಮತ್ತು ಬಣ್ಣದಿಂದ ಶುರು ಮಾಡುತ್ತಾರೆ. ಕನ್ನಡದ ಸೈಟಿಗೆ ಅದು ತಪ್ಪು ಕ್ರಮ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಟದ ಬಹುಪಾಲು ತುಂಬಿರುವುದು ಅಕ್ಷರ. ಬಣ್ಣ ಒಂದೇ ಇದ್ದು ಅಕ್ಷರ ಬೇರೆಯಾದರೆ ಸೈಟ್ ಬೇರೆಯಾಗಿಯೇ ಕಾಣುತ್ತದೆ. ಫಾಂಟ್ ಗೊತ್ತುಮಾಡದೆ ಬಿಟ್ಟರೆ ಹಳೆಯ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ, ಹಳೆಯ ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಬಂದು ಕೂರುತ್ತವೆ. ನಮ್ಮೂರ ಹೊಳೆಯ ಹೆಸರಿದ್ದರೂ ತುಂಗಾ ಫಾಂಟನ್ನು ನಾವು ಹಂಚುವಂತಿಲ್ಲ. ಕನ್ನಡಕ್ಕೆ ನೋಟೊ ಸ್ಯಾನ್ಸ್ ಕನ್ನಡ, ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ₹ ಚಿಹ್ನೆಗೆ ನೋಟೊ ಸ್ಯಾನ್ಸ್ ಎಂದು ಗೊತ್ತುಮಾಡಿದೆವು. ಎರಡೂ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ, ನಮ್ಮದೇ ಸರ್ವರ್‌ನಿಂದ ಕೊಡಬಹುದು. ತೂಕ, ಅಂದರೆ ಅಕ್ಷರದ ದಪ್ಪ, ಎರಡೇ: 400 ಮತ್ತು 700. ಹೊಸನಗರದ ಒಳಹಳ್ಳಿಯಲ್ಲಿ ಒಂದು ಗೆರೆ ಸಿಗ್ನಲ್‌ನಲ್ಲಿ ಪುಟ ತೆರೆಯುವವರಿಗೆ ಮೂರನೆಯ ತೂಕ ಬರಿಯ ಹೊರೆ.

ಫಾಂಟ್ ಕಡತವನ್ನು ಬೇಕಾದ ಅಕ್ಷರಗಳಿಗಷ್ಟೇ ಕತ್ತರಿಸುವಾಗ, ಯೂನಿಕೋಡ್ ಎಂಬ ಅಕ್ಷರಸಂಕೇತ ಪಟ್ಟಿಯಲ್ಲಿ ಕನ್ನಡಕ್ಕೆ ಮೀಸಲಾದ ಬ್ಲಾಕಿನ 128 ಸ್ಥಾನಗಳನ್ನಷ್ಟೇ ಯೂನಿಕೋಡ್-ರೇಂಜ್ ಎಂಬ ಸಿಎಸ್‌ಎಸ್ ಸಾಲಿನಲ್ಲಿ ಬರೆದರೆ ಸಾಲದು; ಫಾಂಟ್ ಯಾವ ಅಕ್ಷರಗಳಿಗೆ ಎಂದು ಹೇಳುವುದು ಆ ಸಾಲು. ಕಣ್ಣಿಗೆ ಕಾಣದ ಎರಡು ಸಂಕೇತಗಳು, ಅಂದರೆ ಅಕ್ಷರ ಕೂಡಿಸುವ ಜಾಯ್ನರ್ ಮತ್ತು ಬಿಡಿಸುವ ನಾನ್-ಜಾಯ್ನರ್, ಬ್ಲಾಕಿನ ಹೊರಗಿವೆ. ಅವನ್ನು ಸೇರಿಸದಿದ್ದರೆ ಕೆಲವು ಬ್ರೌಸರ್‌ಗಳಲ್ಲಿ ‘ರ್‍ಯಾಂಕ್’, ‘ಸಾಫ್ಟ್‌ವೇರ್’ ಥರದ ಪದಗಳು ನಡುವೆ ಒಡೆದು ಅರ್ಧ ಒಂದು ಫಾಂಟ್, ಅರ್ಧ ಇನ್ನೊಂದು ಆಗುತ್ತವೆ.

ಇನ್ನು ಸಾಲಿನ ಎತ್ತರ. ಇಂಗ್ಲಿಷಿಗೆಂದು ಮಾಡಿದ ಥೀಮ್‌ಗಳಲ್ಲಿ ಅದು 1.4ರ ಆಸುಪಾಸು ಇರುತ್ತದೆ, ಶೀರ್ಷಿಕೆಗಳಿಗೆ 1.1 ಇದ್ದರೂ ಆಶ್ಚರ್ಯವಿಲ್ಲ. ಕನ್ನಡದ ಒತ್ತು ಸಾಲಿನ ಕೆಳಕ್ಕೆ ಇಳಿಯುತ್ತದೆ, ಮೇಲಿನ ಗುಡಿಸು ಮೇಲಕ್ಕೆ ಏರುತ್ತದೆ. ಮೊದಲ ಸಾಲಿನ ಒತ್ತು ಎರಡನೆಯ ಸಾಲಿನ ಗುಡಿಸಿಗೆ ತಾಗಿದರೆ ಓದಲು ಹಿಂಸೆ. ನಮ್ಮ ಅಳತೆ: ಮೈಬರಹ 17 ಪಿಕ್ಸೆಲ್, ಸಾಲಿನ ಎತ್ತರ 1.7, ಶೀರ್ಷಿಕೆಗೆ 1.45. ಇದನ್ನು ಬರಿಯ ಸಂಖ್ಯೆಯಾಗಿ ಬರೆಯಬೇಕು. ಪಿಕ್ಸೆಲ್ ಅಥವಾ ಶೇಕಡಾ ಹಾಕಿದರೆ ಮೈಬರಹಕ್ಕೆ ಲೆಕ್ಕ ಹಾಕಿದ ಎತ್ತರವೇ ದೊಡ್ಡ ಶೀರ್ಷಿಕೆಗೂ ಇಳಿದು ಬಂದು ಸಾಲುಗಳು ಒಂದರ ಮೇಲೊಂದು ಕೂರುತ್ತವೆ.

ಪರೀಕ್ಷೆಗೆ ನಮ್ಮ ಪದ ‘ತೀರ್ಥಹಳ್ಳಿ’. ಅದರಲ್ಲಿ ದೀರ್ಘ, ಅರ್ಕಾವತ್ತು, ಒತ್ತು ಮೂರೂ ಇವೆ. ಜೊತೆಗೆ ಎರಡು ಒತ್ತು ಬರುವ ‘ಶಾಸ್ತ್ರ’. ಈ ಎರಡು ಪದಗಳನ್ನು ಗುಂಡಿ, ಟ್ಯಾಬ್, ಕೋಷ್ಟಕದ ತಲೆ, ಆಯ್ಕೆಪಟ್ಟಿ ಎಲ್ಲದರಲ್ಲೂ ಹಾಕಿ ನೋಡಿದರೆ ಎಲ್ಲಿ ಕತ್ತರಿ ಬೀಳುತ್ತಿದೆ ಎಂದು ತಿಳಿಯುತ್ತದೆ. ಎತ್ತರ 36 ಪಿಕ್ಸೆಲ್ ಎಂದು ಕಟ್ಟಿಹಾಕಿ, ಹೊರಚಾಚಿದ್ದನ್ನು ಮರೆಮಾಡುವ ನಿಯಮವನ್ನೂ ಬರೆದ ಗುಂಡಿಯಲ್ಲಿ ‘ಶಾಸ್ತ್ರ’ದ ಕೆಳಗಿನ ರಕಾರ ಹಾರಿಹೋಗುತ್ತದೆ. ನಾವು ಎತ್ತರ ಕಟ್ಟುವುದನ್ನು ಬಿಟ್ಟು ಕನಿಷ್ಠ ಎತ್ತರ 48 ಪಿಕ್ಸೆಲ್, ಮೇಲೆ ಕೆಳಗೆ 10 ಪಿಕ್ಸೆಲ್ ಒಳಜಾಗ ಎಂದು ಬರೆದೆವು. ಅಗಲವನ್ನೂ ಕಟ್ಟಬಾರದು, ಏಕೆಂದರೆ ಕನ್ನಡದ ಪದ ಇಂಗ್ಲಿಷಿನದಕ್ಕಿಂತ ಉದ್ದ ಆಗುವುದೇ ಹೆಚ್ಚು. ಅಕ್ಷರಗಳ ನಡುವಿನ ಅಂತರ ಎಲ್ಲ ಕಡೆ ಸೊನ್ನೆ. ಇಟಾಲಿಕ್ ಬೇಡವೇ ಬೇಡ: ಕನ್ನಡ ಫಾಂಟಿನಲ್ಲಿ ಆ ರೂಪ ಇಲ್ಲದಿದ್ದಾಗ ಬ್ರೌಸರ್ ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ, ಒತ್ತು ತನ್ನ ಅಕ್ಷರದ ಬುಡದಿಂದ ಜಾರಿದಂತೆ ಕಾಣುತ್ತದೆ. ಒತ್ತಿ ಹೇಳಬೇಕಾದರೆ 700ರ ತೂಕ.

ಧಾರಣೆ ಕೋಷ್ಟಕದಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಸಾಲುಗಳ ಮುಂದೆ ಕ್ವಿಂಟಾಲ್ ದರ ಬರುತ್ತದೆ. ಇಲ್ಲಿ ಅಂಕಿಗಳೆಲ್ಲ ಒಂದೇ ಅಗಲ ಇರಬೇಕು, ಬಲಕ್ಕೆ ಜೋಡಿಸಿರಬೇಕು. ಅದಕ್ಕೆ ಟ್ಯಾಬ್ಯುಲರ್-ನಮ್ಸ್ ಎಂಬ ಗುಣ ಹಾಕಿದೆವು. ಮಳೆ ಲೆಕ್ಕದಲ್ಲೂ ಅದೇ. ಹಿರಿಯರು ಇನ್ನೂ ಇಂಚಿನಲ್ಲಿ ಬರೆಯುತ್ತಾರೆ, ಪಕ್ಕದಲ್ಲಿ 25.4ರಿಂದ ಗುಣಿಸಿದ ಮಿಲಿಮೀಟರ್ ಕಾಣುತ್ತದೆ. ಎರಡು ಕಂಬಸಾಲುಗಳ ದಶಾಂಶ ಬಿಂದು ನೇರ ಇರದಿದ್ದರೆ ಅವರು ನಮ್ಮ ಲೆಕ್ಕವನ್ನೇ ಅನುಮಾನಿಸುತ್ತಾರೆ, ಅದು ನ್ಯಾಯ ಕೂಡ.

ಅಕ್ಷರ ನಿಂತ ಮೇಲೆ ಬಣ್ಣಕ್ಕೆ ಬಂದೆವು. ಹಣ್ಣಡಿಕೆಯ ಕಿತ್ತಳೆ ಎಂದು ಎಲ್ಲರೂ ಒಪ್ಪಿದ್ದರು. ಮೊದಲು ಆರಿಸಿದ್ದು ಕೆಂಪು 196, ಹಸಿರು 90, ನೀಲಿ 17. ಬಿಳಿ ಅಕ್ಷರದೊಂದಿಗೆ ಇದರ ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) 4.36ಕ್ಕೆ 1. ವೆಬ್ ಸುಲಭಬಳಕೆಯ ಮಾನದಂಡ ಸಾಮಾನ್ಯ ಅಳತೆಯ ಬರಹಕ್ಕೆ 4.5 ಕೇಳುತ್ತದೆ. ಕೂದಲೆಳೆಯ ಅಂತರ ಎಂದು ಬಿಡಬಹುದಿತ್ತು. ಆದರೆ ಈ ಗುಂಡಿಗಳನ್ನು ಓದುವುದು ಅಂಗಳದಲ್ಲಿ ಅಡಿಕೆ ಒಣಗಿಸುವಾಗ, ಬಿಸಿಲಿಗೆ ಮೊಬೈಲ್ ಹಿಡಿದು. 176, 78, 14ಕ್ಕೆ ಇಳಿಸಿದಾಗ 5.3 ಬಂತು, ಪಕ್ಕಪಕ್ಕ ಇಟ್ಟರಷ್ಟೇ ಬದಲಾವಣೆ ತಿಳಿಯುತ್ತದೆ. ಕಪ್ಪು ಹಿನ್ನೆಲೆಯ ಆವೃತ್ತಿಗೆ ಇದೇ ಕಿತ್ತಳೆ ನಡೆಯುವುದಿಲ್ಲ: 20, 24, 22ರ ಹಿನ್ನೆಲೆಯ ಮೇಲೆ ಬರಿಯ 3.4. ಅಲ್ಲಿಗೆ 240, 150, 80 ಇಟ್ಟೆವು, 7.8 ಸಿಗುತ್ತದೆ. ಧಾರಣೆ ಏರಿದ್ದಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು ಎಂದಷ್ಟೇ ಬಿಡದೆ ಬಾಣದ ಗುರುತು ಮತ್ತು ‘ಏರಿಕೆ’, ‘ಇಳಿಕೆ’ ಎಂಬ ಪದವನ್ನೂ ಇಟ್ಟೆವು. ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣುಗಳು ನಮ್ಮ ನಡುವೆ ಬೇಕಾದಷ್ಟಿವೆ.

ಬಣ್ಣವನ್ನು ಆ್ಯಪ್‌ಗಳಿಗೆ ಬೆಲೆಯಾಗಿ ಕೊಡಬಾರದು, ಕೆಲಸದ ಹೆಸರಾಗಿ ಕೊಡಬೇಕು. ಇದೇ ಇಡೀ ವ್ಯವಸ್ಥೆಯ ನಡುಗಂಬ. ನಮ್ಮಲ್ಲಿ ಎರಡು ಪದರಗಳಿವೆ. ಕೆಳಗಿನದರಲ್ಲಿ ‘ಕಿತ್ತಳೆ-600’ ಥರದ ಕಚ್ಚಾ ಬಣ್ಣಗಳು. ಅವನ್ನು ಯಾವ ಆ್ಯಪ್ ಕೂಡ ನೇರ ಮುಟ್ಟುವಂತಿಲ್ಲ. ಮೇಲಿನದರಲ್ಲಿ ‘ಕ್ರಿಯೆ-ಹಿನ್ನೆಲೆ’, ‘ಎಚ್ಚರಿಕೆ-ಬರಹ’, ‘ಕೋಷ್ಟಕ-ಗೆರೆ’ ಥರದ ಹೆಸರುಗಳು. ಕಪ್ಪು ಆವೃತ್ತಿ ಬಂದಾಗ ಆ್ಯಪ್‌ಗಳಲ್ಲಿ ಒಂದು ಸಾಲನ್ನೂ ತಿದ್ದಬೇಕಾಗಲಿಲ್ಲ, ಹೆಸರುಗಳು ತೋರಿಸುವ ಬೆಲೆಯಷ್ಟೇ ಬದಲಾಯಿತು.

ಸಿಎಸ್‌ಎಸ್‌ನಲ್ಲಿ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು, ಎಲ್ಲ ಬ್ರೌಸರ್‌ಗಳೂ ಒಪ್ಪುತ್ತವೆ. ನಾವು ಹಾಗೇ ಮಾಡಿದ್ದೇವೆ. ಹೊರಗಿನಿಂದ ಬರುವ ಕೊಡುಗೆದಾರರಿಗೆ ಇಂಗ್ಲಿಷ್ ಅರ್ಥದ ಪಟ್ಟಿ ಜೊತೆಗಿದೆ. ಆದರೆ ಇಲ್ಲೊಂದು ಕಾಣದ ಹೊಂಡ ಇದೆ. ‘ಕೋ’ ಎಂಬ ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಸಾಲಾಗಿ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಸಿಎಸ್‌ಎಸ್ ಮಾತ್ರ ಸಂಕೇತಕ್ಕೆ ಸಂಕೇತ ಹೋಲಿಸುತ್ತದೆ, ಎರಡನ್ನೂ ಬೇರೆ ಹೆಸರೆಂದೇ ತಿಳಿಯುತ್ತದೆ. ಒಬ್ಬರ ಕೀಲಿಮಣೆ ಒಂದು ರೀತಿ, ಇನ್ನೊಬ್ಬರದು ಇನ್ನೊಂದು ರೀತಿ ಬರೆದರೆ ‘ಕೋಷ್ಟಕ-ಗೆರೆ’ ಸಿಗುವುದಿಲ್ಲ. ಆಗ ದಪ್ಪ, ಬಗೆ, ಬಣ್ಣ ಮೂರನ್ನೂ ಒಟ್ಟಿಗೆ ಬರೆದ ಅಂಚಿನ ನಿಯಮ ಪೂರ್ತಿ ಬಿದ್ದುಹೋಗಿ ಕೋಷ್ಟಕದ ಗೆರೆಗಳೇ ಮಾಯವಾಗುತ್ತವೆ. ಬ್ರೌಸರ್ ದೋಷಗಳನ್ನು ತೋರಿಸುವ ಕನ್ಸೋಲ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, ಕೋಡನ್ನು ಎಷ್ಟು ಸಲ ಓದಿದರೂ ಸರಿಯಾಗಿಯೇ ಕಾಣುತ್ತದೆ. ಪರಿಹಾರ ಸಣ್ಣದು: ಕಮಿಟ್ ಆಗುವ, ಅಂದರೆ ಬದಲಾವಣೆ ದಾಖಲಾಗುವ ಮೊದಲು ಎಲ್ಲ ಸಿಎಸ್‌ಎಸ್ ಕಡತಗಳನ್ನೂ ಎನ್‌ಎಫ್‌ಸಿ ಎಂಬ ಏಕರೀತಿಯ ಯೂನಿಕೋಡ್ ರೂಪಕ್ಕೆ ತರುವ ಹುಕ್ (ತಾನಾಗಿ ಓಡುವ ಸಣ್ಣ ಪ್ರೋಗ್ರಾಂ) ಹಾಕಿ. ಹೆಸರುಗಳಲ್ಲಿ ಜಾಯ್ನರ್, ನಾನ್-ಜಾಯ್ನರ್ ಬರದಂತೆಯೂ ಅದೇ ಹುಕ್ ತಡೆಯಲಿ. ಅವು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ.

ಈ ಹೆಸರುಗಳನ್ನು ಆ್ಯಪ್‌ಗಳಿಗೆ ಹಂಚುವುದು ಒಂದು ಪ್ರತ್ಯೇಕ ರೆಪೊಸಿಟರಿಯಿಂದ, ಅಂದರೆ ಕೋಡ್ ಸಂಗ್ರಹದಿಂದ. ರಿಯಾಕ್ಟ್ ಆ್ಯಪ್ ಅದನ್ನು ಎನ್‌ಪಿಎಂ ಪ್ಯಾಕೇಜ್ ಆಗಿ ತೆಗೆದುಕೊಳ್ಳುತ್ತದೆ, ಉಳಿದವು ಆವೃತ್ತಿ ಸಂಖ್ಯೆ ಇರುವ ಒಂದೇ ಸಿಎಸ್‌ಎಸ್ ಕಡತವನ್ನು ಕೊಂಡಿಯಾಗಿ ಸೇರಿಸುತ್ತವೆ. ಹೆಸರೊಂದರ ಅರ್ಥ ಬದಲಾದರೆ ಅಥವಾ ಹೆಸರು ತೆಗೆದರೆ ಮೊದಲ ಅಂಕಿ ಏರುತ್ತದೆ, ಹೊಸ ಹೆಸರು ಸೇರಿದರೆ ನಡುವಿನದು, ಬೆಲೆ ಸ್ವಲ್ಪ ತಿದ್ದಿದರೆ ಕೊನೆಯದು. ‘ಇತ್ತೀಚಿನದು’ ಎಂಬ ಕೊಂಡಿ ಇಟ್ಟಿಲ್ಲ. ಅದನ್ನಿಟ್ಟರೆ ನಾಲ್ಕು ಆ್ಯಪ್‌ಗಳೂ ಒಂದೇ ರಾತ್ರಿ ಕೆಡಬಹುದು.

ಫಾಂಟ್‌ಗಳು ಒಂದೇ ಉಪಡೊಮೇನ್‌ನಲ್ಲಿವೆ. ಧಾರಣೆ ಪುಟದಲ್ಲಿ ಒಮ್ಮೆ ಇಳಿದ ಕಡತ ಅದೇ ಡೊಮೇನ್‌ನ ಮಳೆ ಲೆಕ್ಕಕ್ಕೂ ಒದಗುತ್ತದೆ. ಆದರೆ ಬೇರೆ ಉಪಡೊಮೇನ್‌ನಿಂದ ಫಾಂಟ್ ಬರಬೇಕಾದರೆ ಸರ್ವರ್ ಸಿಒಆರ್‌ಎಸ್ ಅನುಮತಿಯ ಹೆಡರ್, ಅಂದರೆ ಬೇರೆ ತಾಣದ ಪುಟವೂ ಈ ಕಡತ ಬಳಸಬಹುದು ಎಂಬ ಒಪ್ಪಿಗೆಯ ಸಾಲು, ಕಳಿಸಲೇಬೇಕು. ಮರೆತರೆ ಚಿತ್ರ, ಸಿಎಸ್‌ಎಸ್ ಎಲ್ಲ ಬರುತ್ತವೆ, ಫಾಂಟ್ ಮಾತ್ರ ಬರುವುದಿಲ್ಲ. ಆ ಫಾಂಟ್ ಮೊದಲೇ ಇರುವ ಆಂಡ್ರಾಯ್ಡ್‌ನಲ್ಲಿ ಪರೀಕ್ಷಿಸಿದವರಿಗೆ ಎಲ್ಲ ಸರಿ ಕಾಣುತ್ತದೆ, ದೂರು ಬರುವುದು ವಿಂಡೋಸ್‌ನವರಿಂದ.

ಅಳತೆಗಳನ್ನು ಪಿಕ್ಸೆಲ್ ಬದಲು ರೆಮ್ ಎಂಬ ಸಿಎಸ್‌ಎಸ್ ಮಾನದಲ್ಲಿ ಕೊಡುವವರು ಒಂದನ್ನು ನೆನಪಿಡಬೇಕು. ರೆಮ್ ನಿಲ್ಲುವುದು ಪುಟದ ಮೂಲ ಅಕ್ಷರದ ಅಳತೆಯ ಮೇಲೆ, ಸಾಮಾನ್ಯವಾಗಿ 16 ಪಿಕ್ಸೆಲ್. ಬೂಟ್‌ಸ್ಟ್ರಾಪ್ 3 ಎಂಬ ಸಿದ್ಧ ಸಿಎಸ್‌ಎಸ್ ಸಂಗ್ರಹ ಅದನ್ನು 10ಕ್ಕೆ ಇಳಿಸುತ್ತದೆ, 62.5 ಶೇಕಡಾ ಎಂದು ಬರೆದ ಥೀಮ್‌ಗಳೂ ಅಷ್ಟೇ. ಅಂಥ ಆ್ಯಪ್‌ನಲ್ಲಿ 3 ರೆಮ್ ಎಂದು ಬರೆದ ನಮ್ಮ 48 ಪಿಕ್ಸೆಲ್ ಗುಂಡಿ 30 ಆಗುತ್ತದೆ. ತಿದ್ದುಪಡಿ ಆ್ಯಪ್‌ನಲ್ಲಿ ಮೊದಲು ಆ ಒಂದು ಸಾಲು ತೆಗೆದು, ಕೆಟ್ಟ ಪುಟಗಳನ್ನು ಸರಿಪಡಿಸಿದ ಮೇಲೆಯೇ ಹೊಸ ಕಡತ ಸೇರಿಸಿದೆವು. ಹಳೆಯ ನಿಯಮಗಳು ಹೊಸದನ್ನು ತುಳಿಯದಂತೆ ಹಳೆಯವನ್ನೆಲ್ಲ ಒಂದು ಕ್ಯಾಸ್ಕೇಡ್ ಲೇಯರ್‌ನೊಳಗೆ ತಳ್ಳಿ, ನಮ್ಮದನ್ನು ಅದರ ನಂತರದ ಲೇಯರ್‌ನಲ್ಲಿಟ್ಟೆವು; ನಂತರದ ಲೇಯರ್‌ನ ಮಾತೇ ನಡೆಯುತ್ತದೆ. 2022ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದು ನಡೆಯುತ್ತದೆ.

ಲೋಗೊ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗೆರೆಗಳಾಗಿ ಬರೆದಿಟ್ಟ, ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಒಂದೇ ಎಸ್‌ವಿಜಿ ಚಿತ್ರ ಕಡತ. ಅದರೊಳಗಿನ ಕನ್ನಡ ಅಕ್ಷರಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಪಾತ್ ಆಗಿ, ಅಂದರೆ ಫಾಂಟ್ ಬೇಡದ ಬರಿಯ ಗೆರೆಗಳಾಗಿ, ಬದಲಿಸಿಯೇ ಕೊಡಬೇಕು. ಚಿತ್ರವಾಗಿ ಸೇರಿಸಿದ ಎಸ್‌ವಿಜಿ ಹೊರಗಿನ ಫಾಂಟನ್ನು ತರಿಸಿಕೊಳ್ಳಲಾರದು, ಒಬ್ಬೊಬ್ಬರ ಸಾಧನದಲ್ಲಿ ಒಂದೊಂದು ಲೋಗೊ ಆಗುತ್ತದೆ. ಕೋಡಿನ ಲೈಸೆನ್ಸ್ ಲೋಗೊವಿಗೆ ತಾನಾಗಿ ಅನ್ವಯಿಸಲಿ ಎಂದು ಬಿಡದೆ, ಫೋರ್ಕ್ ಮಾಡಿದವರು (ಕೋಡಿನ ಪ್ರತಿ ತೆಗೆದು ತಮ್ಮದಾಗಿ ಮುಂದುವರಿಸಿದವರು) ಏನನ್ನು ಬದಲಿಸಬೇಕು ಎಂದು ನಾಲ್ಕು ಸಾಲು ಬರೆದಿಡಿ. ಡೆಬಿಯನ್ ಎಂಬ ಲಿನಕ್ಸ್ ಯೋಜನೆ ಎಲ್ಲರೂ ಬಳಸಬಹುದಾದ ಲೋಗೊ ಒಂದು, ನಿರ್ಬಂಧಿತ ಲೋಗೊ ಒಂದು ಎಂದು ಬೇರೆ ಬೇರೆ ಇಟ್ಟಿರುವುದು ಒಳ್ಳೆಯ ಮಾದರಿ.

ಪದಗಳೂ ಮುಖದ ಭಾಗವೇ. ಒಂದು ಆ್ಯಪ್ ‘ಲಾಗಿನ್’ ಎನ್ನುತ್ತಿತ್ತು, ಇನ್ನೊಂದು ‘ಪ್ರವೇಶಿಸಿ’, ಮತ್ತೊಂದು ‘ಒಳಬನ್ನಿ’. ಒಂದರಲ್ಲಿ ‘ಸೇವ್ ಮಾಡು’, ಒಂದರಲ್ಲಿ ‘ಉಳಿಸಿ’. ಬಣ್ಣ, ಅಳತೆಗಳ ಹೆಸರುಗಳಿರುವ ರೆಪೊಸಿಟರಿಯಲ್ಲೇ ಪದಪಟ್ಟಿಯೂ ಇದೆ: ಲಾಗಿನ್, ಉಳಿಸಿ, ಅಳಿಸಿ, ಹಿಂದೆ. ಎಲ್ಲಕ್ಕೂ ಬಹುವಚನದ ಮರ್ಯಾದೆ. ‘ಮಾಡು’ ಎಂದು ಬೆಳೆಗಾರರಿಗೆ ಹೇಳುವ ಹಕ್ಕು ನಮ್ಮ ಗುಂಡಿಗಿಲ್ಲ. ಇಂಗ್ಲಿಷ್ ಪುಟಗಳಲ್ಲಿ ಊರಿನ ಹೆಸರಿಗೆ 2014ರ ನವೆಂಬರ್ 1ರಿಂದ ಜಾರಿಗೆ ಬಂದ ಕಾಗುಣಿತವನ್ನೇ ಬರೆಯಬೇಕು ಎಂಬುದೂ ಪಟ್ಟಿಯಲ್ಲಿದೆ.

ಇಷ್ಟು ಮಾಡಿದರೂ ಕಾವಲಿಲ್ಲದಿದ್ದರೆ ಆರು ತಿಂಗಳಲ್ಲಿ ಹಳೆಯ ಸ್ಥಿತಿಗೆ ಬರುತ್ತದೆ. ಸಿಎಸ್‌ಎಸ್ ಪರಿಶೀಲಿಸುವ ಸ್ಟೈಲ್‌ಲಿಂಟ್ ಕಚ್ಚಾ ಬಣ್ಣ ಕಂಡರೆ ಪುಲ್ ರಿಕ್ವೆಸ್ಟ್, ಅಂದರೆ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಮುಂದೆ ಹೋಗದಂತೆ ತಡೆಯುತ್ತದೆ. ಬ್ರೌಸರನ್ನು ತಾನಾಗಿ ನಡೆಸುವ ಪ್ಲೇರೈಟ್ ಎಂಬ ಪರೀಕ್ಷಾ ಸಾಧನ 9 ಪುಟಗಳನ್ನು 360 ಮತ್ತು 1280 ಪಿಕ್ಸೆಲ್ ಅಗಲದಲ್ಲಿ, ಬಿಳಿ ಮತ್ತು ಕಪ್ಪು ಆವೃತ್ತಿಯಲ್ಲಿ, ಒಟ್ಟು 36 ಚಿತ್ರ ತೆಗೆದು ಹಳೆಯದರೊಂದಿಗೆ ಹೋಲಿಸುತ್ತದೆ. ಚಿತ್ರ ತೆಗೆಯುವುದು ಯಾವಾಗಲೂ ಒಂದೇ ಕಂಟೇನರ್‌ನಲ್ಲಿ, ಅಂದರೆ ಎಲ್ಲಿ ಓಡಿಸಿದರೂ ಒಂದೇ ರೀತಿ ಇರುವ ಕಟ್ಟಿಟ್ಟ ಪರಿಸರದಲ್ಲಿ, ಆಗಬೇಕು, ಏಕೆಂದರೆ ಒಬ್ಬೊಬ್ಬರ ಯಂತ್ರ ಅಕ್ಷರದ ಅಂಚನ್ನು ಒಂದೊಂದು ರೀತಿ ಮೂಡಿಸುತ್ತದೆ. ಇನ್ನೊಂದು ಎಚ್ಚರ: ಕನ್ನಡ ಫಾಂಟ್ ಇಲ್ಲದ ಕಂಟೇನರ್‌ನಲ್ಲಿ ವೆಬ್ ಫಾಂಟ್ ಇಳಿಯುವ ಮೊದಲೇ ಚಿತ್ರ ತೆಗೆದರೆ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಮೊದಲ ಚಿತ್ರವೇ ಹಾಗೆ ದಾಖಲಾದರೆ ಮುಂದೆಲ್ಲ ಚೌಕ ಚೌಕಕ್ಕೆ ಹೊಂದಿ ಪರೀಕ್ಷೆ ಪ್ರತಿಸಲ ಪಾಸಾಗುತ್ತದೆ. ಫಾಂಟ್‌ಗಳು ಸಿದ್ಧ ಎಂದು ಬ್ರೌಸರ್ ಹೇಳುವವರೆಗೆ ಕಾಯುವ ಸಾಲು ಹಾಕಿ. ಮೊದಲ ಬಾರಿ ಬಂದ 36 ಚಿತ್ರಗಳನ್ನು ಒಬ್ಬರು ಕೂತು ಕಣ್ಣಾರೆ ನೋಡಿ, ‘ತೀರ್ಥಹಳ್ಳಿ’ಯ ಒತ್ತು ಪೂರ್ತಿ ಇದೆಯೇ ಎಂದು ಪರಿಶೀಲಿಸಿದ ಮೇಲೆ ಮಾತ್ರ ದಾಖಲಿಸಿ.