ನಸುಕಿನ ಚಳಿಯಲ್ಲಿ ಮನೆಯ ಹಿರಿಯರನ್ನು ಜೋಪಾನ ಮಾಡುವುದು ಹೇಗೆ?

ಡಿಸೆಂಬರ್, ಜನವರಿ ತಿಂಗಳಲ್ಲಿ ಬೆಂಗಳೂರಿನ ಸರಾಸರಿ ಕನಿಷ್ಠ ಉಷ್ಣಾಂಶ 15-16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಇದೆಂಥ ಚಳಿ ಎಂದು ಹರೆಯದವರಿಗೆ ಅನ್ನಿಸಬಹುದು. ಆದರೆ ನಮ್ಮ ಮನೆಗಳನ್ನು ಗಾಳಿಯಾಡಲೆಂದೇ ಕಟ್ಟಿರುವುದರಿಂದ ಬೆಳಗಿನ ಜಾವದ ಥಂಡಿ ಒಳಗೂ ಇಳಿಯುತ್ತದೆ. ವಯಸ್ಸಾದಂತೆ ಚರ್ಮದಡಿಯ ಕೊಬ್ಬು ತೆಳುವಾಗುತ್ತದೆ, ಮೈ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಕುಗ್ಗುತ್ತದೆ, ಚಳಿಯ ಅರಿವೇ ಮಂದವಾಗುತ್ತದೆ. ಧನುರ್ಮಾಸದ ಪೂಜೆಗೆಂದು ನಾಲ್ಕೂವರೆಗೆ ಏಳುವ ನನ್ನ ತಾಯಿ, ಬೆರಳುಗಳು ಮಂಜುಗಡ್ಡೆಯಂತೆ ತಣ್ಣಗಿದ್ದಾಗಲೂ "ನಂಗೇನೂ ಚಳಿ ಇಲ್ಲ ಬಿಡು" ಎನ್ನುತ್ತಾರೆ. ಆದ್ದರಿಂದ ಹಿರಿಯರ ಮಾತನ್ನಷ್ಟೇ ನಂಬದೆ ಅವರ ಕೈಕಾಲು, ಹೊಟ್ಟೆಯನ್ನು ಮುಟ್ಟಿ ನೋಡುವುದು ಮೊದಲ ಹೆಜ್ಜೆ.

ಎರಡನೆಯದು, ಹಾಸಿಗೆಯಿಂದ ಏಳುವ ಗಳಿಗೆ. ಚಳಿಗೆ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಏರುತ್ತದೆ; ಹೃದಯಾಘಾತ ಮತ್ತು ಪಾರ್ಶ್ವವಾಯು ಚಳಿಗಾಲದಲ್ಲಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ಎಚ್ಚರವಾದ ಮೇಲೆ ಒಂದೆರಡು ನಿಮಿಷ ಹಾಸಿಗೆಯಲ್ಲೇ ಕುಳಿತು, ಸ್ವೆಟರ್ ಹಾಕಿಕೊಂಡು, ಅನಂತರ ನಿಲ್ಲಲಿ. ಬರಿಗಾಲಲ್ಲಿ ಮೊಸಾಯಿಕ್ ಅಥವಾ ಗ್ರಾನೈಟ್ ನೆಲವನ್ನು ತುಳಿಯದಂತೆ, ಜಾರದ ರಬ್ಬರ್ ಅಡಿಯ ಚಪ್ಪಲಿಯನ್ನು ಮಂಚದ ಪಕ್ಕದಲ್ಲೇ ಇಡಿ. ಬರೀ ಕಾಲುಚೀಲ ತೊಟ್ಟು ಟೈಲ್ಸ್ ಮೇಲೆ ನಡೆದರೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯವುಂಟು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯುತ್ತಿರಲಿ.

ಸ್ನಾನದ ವಿಷಯದಲ್ಲಿ ನಾನು ಕೊಂಚ ಕಟುವಾಗಿಯೇ ಹೇಳಬೇಕಾಗಿದೆ. ನಸುಕಿನಲ್ಲಿ ತಣ್ಣೀರು ಮೀಯುವ ವ್ರತವನ್ನು ಎಪ್ಪತ್ತು ದಾಟಿದವರು, ಅದರಲ್ಲೂ ಹೃದ್ರೋಗವಿರುವವರು, ಕೈಬಿಡುವುದೇ ಒಳ್ಳೆಯದು. ಬಿಸಿಲೇರಿದ ಮೇಲೆ ಹದವಾದ ಬಿಸಿನೀರಿನಲ್ಲಿ ಮಿಂದು ಮಾಡಿದ ಪೂಜೆಯೂ ಪೂಜೆಯೇ. ಇದಕ್ಕಿಂತ ದೊಡ್ಡ ಅಪಾಯ ಗ್ಯಾಸ್ ಗೀಸರಿನದು. ಚಳಿಯೆಂದು ವೆಂಟಿಲೇಟರ್ ಮುಚ್ಚಿದ ಪುಟ್ಟ ಬಚ್ಚಲುಮನೆಯಲ್ಲಿ ಅದು ಉರಿಯುತ್ತಿದ್ದರೆ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು, ಒಳಗಿದ್ದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಇಡುವುದೂ ಅಷ್ಟೇ ಮಾರಕ. ಸ್ನಾನಕ್ಕೆ ಹೋದ ಹಿರಿಯರು ಬಾಗಿಲಿನ ಚಿಲಕ ಹಾಕಿಕೊಳ್ಳದಿರಲಿ.

ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಐದೂವರೆಗೇ ವಾಕಿಂಗ್ ಹೋಗುವವರು ಈ ಎರಡು ತಿಂಗಳು ಎಂಟು ಗಂಟೆಯ ಎಳೆಬಿಸಿಲಿಗೆ ಕಾಯಬೇಕು. ಮಂಜು ಮುಸುಕಿದಾಗ ವಾಹನಗಳ ಹೊಗೆ ನೆಲಮಟ್ಟದಲ್ಲೇ ನಿಲ್ಲುವುದರಿಂದ ಉಬ್ಬಸವಿರುವವರಿಗೆ ಅದು ಒಳ್ಳೆಯದಲ್ಲ. ಪ್ರತಿವರ್ಷದ ಫ್ಲೂ ಲಸಿಕೆ ಮತ್ತು ನ್ಯುಮೋನಿಯಾ ತಡೆಯುವ ಲಸಿಕೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಚಳಿಯಲ್ಲಿ ಬಾಯಾರಿಕೆ ತಿಳಿಯದಿರುವುದರಿಂದ ಫ್ಲಾಸ್ಕಿನಲ್ಲಿ ಬಿಸಿನೀರು ಕೈಗೆ ಸಿಗುವಂತಿರಲಿ. ಅವರೆಕಾಳಿನ ಉಪ್ಪಿಟ್ಟು, ಸಾರು ಈ ಕಾಲದ ಸೊಗಸು; ಜೀರ್ಣಶಕ್ತಿ ಕುಂದಿದವರಿಗೆ ಹಿತಕಿದ ಬೇಳೆಯೇ ಹಿತ, ಅದೂ ರಾತ್ರಿಯೂಟಕ್ಕೆ ಬೇಡ. ಮಧುಮೇಹದಿಂದ ಪಾದದ ಸ್ಪರ್ಶ ಮಂಕಾದವರಿಗೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟ ಗಾಯ ಅವರಿಗೆ ಬೆಳಗಿನವರೆಗೂ ಗೊತ್ತಾಗದೇ ಇರಬಹುದು.

ಹಿರಿಯರ ಮಾತು ತೊದಲಿದರೆ, ಗೊಂದಲಗೊಂಡು ಮಂಪರಿನಲ್ಲಿದ್ದರೆ, ಹೊಟ್ಟೆಯೂ ತಣ್ಣಗಿದ್ದರೆ ದೇಹದ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿರುವ ಸಾಧ್ಯತೆಯಿದೆ. ಕೈಕಾಲು ಉಜ್ಜದೆ, ಒಣ ಬಟ್ಟೆ ತೊಡಿಸಿ, ಕಂಬಳಿ ಹೊದಿಸಿ, 108ಕ್ಕೆ ಕರೆ ಮಾಡಿ. ಬಾಯಿ ಸೊಟ್ಟಗಾಗಿ ಒಂದು ಕೈ ಸೋತರೆ ಅದು ಪಾರ್ಶ್ವವಾಯುವಿನ ಸೂಚನೆ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುವುದರಿಂದ, ಲಕ್ಷಣ ಕಂಡ ಸಮಯವನ್ನು ಬರೆದಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ.

ಒಂಟಿಯಾಗಿರುವ ತಂದೆತಾಯಿಗೆ ದೂರದ ಮಕ್ಕಳು ದಿನವೂ ಎಂಟು ಗಂಟೆಗೆ ಫೋನ್ ಮಾಡಿ, "ಚೆನ್ನಾಗಿದ್ದೀರಾ" ಎಂದು ಕೇಳಿ ಬಿಡದೆ ಸ್ನಾನ ಆಯಿತೇ, ಮಾತ್ರೆ ನುಂಗಿದಿರಾ, ಏನು ತಿಂಡಿ ಎಂದು ವಿಚಾರಿಸಬೇಕು. ಫೋನ್ ಎತ್ತದಿದ್ದರೆ ಹೋಗಿ ನೋಡಲು, ಬಾಗಿಲಿನ ಇನ್ನೊಂದು ಬೀಗದ ಕೈ ಪಕ್ಕದ ಮನೆಯವರ ಬಳಿ ಇರಲಿ. ಹಿರಿಯರ ಸಹಾಯವಾಣಿ 14567 ಅನ್ನು ದಪ್ಪಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿಡಿ.